‘ಕಂಟ್ರಿ ರೋಡ್ಸ್’ ಹಾಡಿನ ಬೆಟ್ಟ-ಹೊಳೆ ನಿಜಕ್ಕೂ ವೆಸ್ಟ್ ವರ್ಜೀನಿಯಾದವೇ?

ನೀವು ಕೇಳಿರುವುದು ಎರಡು. ಅಮೆರಿಕದ ಗಾಯಕ ಜಾನ್ ಡೆನ್ವರ್ ಹಾಡಿದ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹುಟ್ಟಿದ್ದು ಹೇಗೆ, ಮತ್ತು ಅದರಲ್ಲಿ ಬರುವ ಬೆಟ್ಟ (ಬ್ಲೂ ರಿಡ್ಜ್), ಹೊಳೆ (ಶೆನಾಂಡೋವಾ) ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಇಲ್ಲವೇ ಇಲ್ಲ ಅನ್ನುವ ಮಾತು ನಿಜವೇ. ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಇವೆ, ಆದರೆ ಒಂದು ಮೂಲೆಯಲ್ಲಿ ಮಾತ್ರ.

ಭೂಪಟ ತೆಗೆದರೆ ಆ ರಾಜ್ಯದ ಪೂರ್ವ ತುದಿ ಬಾಣಲೆಯ ಹಿಡಿಯಂತೆ ಚಾಚಿಕೊಂಡಿರುವುದು ಕಾಣುತ್ತದೆ. ಹಿಡಿಯ ಕೊನೆಯಲ್ಲಿರುವುದು ಜೆಫರ್ಸನ್ ಕೌಂಟಿ. ಬ್ಲೂ ರಿಡ್ಜ್ ಬೆಟ್ಟಸಾಲು ಇದರ ಅಂಚನ್ನಷ್ಟೇ ಸವರಿಕೊಂಡು ಹೋಗುತ್ತದೆ. ಶೆನಾಂಡೋವಾ ನದಿ ಹೆಚ್ಚಿನ ದಾರಿಯನ್ನು ಪಕ್ಕದ ವರ್ಜೀನಿಯಾದಲ್ಲೇ ಮುಗಿಸಿ, ಕೊನೆಗೆ ಈ ಕೌಂಟಿಗೆ ಬಂದು ಹಾರ್ಪರ್ಸ್ ಫೆರ್ರಿಯಲ್ಲಿ ಪೊಟೊಮ್ಯಾಕ್ ನದಿಯನ್ನು ಸೇರುತ್ತದೆ. ಹಾಡಿನ ಬೆಟ್ಟವನ್ನೂ ಹೊಳೆಯನ್ನೂ ಒಂದೇ ಕಡೆ ನಿಂತು ನೋಡಬೇಕೆಂದರೆ ಆ ಸಂಗಮಕ್ಕೇ ಹೋಗಬೇಕು. ಇದನ್ನೇ ಹಿಡಿದುಕೊಂಡು ‘ಇದು ವೆಸ್ಟ್ ವರ್ಜೀನಿಯಾ ಅಲ್ಲ, ವರ್ಜೀನಿಯಾದ ಪಶ್ಚಿಮ ಭಾಗದ ಹಾಡು’ ಎಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ರಾಜ್ಯದ ಹೆಸರು ಹಾಡಿಗೆ ಹೇಗೆ ಬಂತೆಂದು ಬರೆದವರೇ ಹೇಳಿದ್ದಾರೆ. ಎರಡನೇ ಚರಣದ ಗಣಿ ಕಾರ್ಮಿಕರು, ಕಳ್ಳಭಟ್ಟಿ ಎಲ್ಲ ಆ ಕಲ್ಲಿದ್ದಲು ಸೀಮೆಗೆ ಸರಿಯಾಗಿಯೇ ಹೊಂದುತ್ತವೆ.

ಬರೆದವರು ಬಿಲ್ ಡ್ಯಾನಾಫ್ ಮತ್ತು ಟ್ಯಾಫಿ ನಿವರ್ಟ್, ‘ಫ್ಯಾಟ್ ಸಿಟಿ’ ಹೆಸರಲ್ಲಿ ಹಾಡುತ್ತಿದ್ದ ಜೋಡಿ. ಟ್ಯಾಫಿಯ ಮನೆಯವರು ಸೇರುವ ಸಮಾರಂಭಕ್ಕೆಂದು ಮೇರಿಲ್ಯಾಂಡಿನ ಗೇದರ್ಸ್‌ಬರ್ಗ್ ಬಳಿಯ ಕ್ಲಾಪರ್ ರೋಡಿನಲ್ಲಿ ಕಾರಲ್ಲಿ ಹೋಗುತ್ತಿದ್ದಾಗ ಡ್ಯಾನಾಫ್‌ಗೆ ಹಾಡಿನ ಎಳೆ ಸಿಕ್ಕಿತು. ಅಂದರೆ ಹಾಡಿನ ‘ಹಳ್ಳಿ ದಾರಿ’ ಇನ್ನೊಂದು ರಾಜ್ಯದ್ದು! ಆಗ ಅವರು ವೆಸ್ಟ್ ವರ್ಜೀನಿಯಾದಲ್ಲಿ ಕಾಲಿಟ್ಟೂ ಇರಲಿಲ್ಲ. ಡ್ಯಾನಾಫ್ ಹುಟ್ಟೂರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್, ಹಾಗಾಗಿ ಮೊದಲು ‘ಮ್ಯಾಸಚೂಸೆಟ್ಸ್’ ಎಂದೇ ಹಾಕಿ ನೋಡಿದ್ದರು. ಎರಡೂ ಹೆಸರು ನಾಲ್ಕೇ ಉಚ್ಚಾರದವು, ಮಟ್ಟಿನೊಳಗೆ ಎರಡೂ ಕೂರುತ್ತವೆ. ಆದರೆ ಬಾಯಲ್ಲಿ ಹೇಳಿ ನೋಡಿ: ‘ಚೂಸೆಟ್ಸ್’ ಕೊನೆಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ‘ಜೀನಿಯಾ’ ಬಾಯ್ತೆರೆದು ಮುಗಿಯುತ್ತದೆ. ಎಳೆದು ಹಾಡಬೇಕಾದ ಜಾಗಕ್ಕೆ ಕೊನೆಯಲ್ಲಿ ಸ್ವರಾಕ್ಷರ ಸಿಕ್ಕರೆ ಅರ್ಧ ಕೆಲಸ ಆದಂತೆ. ಬೆಟ್ಟ, ಹೊಳೆಗಳೂ ಹಾಡಿನೊಳಗೆ ಬಂದಿದ್ದು ಕಿವಿಗೆ ಹಿತವಾಗಿದ್ದಕ್ಕೇ ಇರಬೇಕು ಅಂತ ನನ್ನ ಅಂದಾಜು.

ಇಬ್ಬರೂ ಹಾಡನ್ನು ಕಂಟ್ರಿ ಗಾಯಕ ಜಾನಿ ಕ್ಯಾಶ್‌ಗೆ ಕೊಡುವ ಯೋಚನೆಯಲ್ಲಿದ್ದರು. 1970ರ ಡಿಸೆಂಬರ್ ಕೊನೆಯಲ್ಲಿ ವಾಷಿಂಗ್ಟನ್‌ನ ‘ಸೆಲ್ಲರ್ ಡೋರ್’ ಕ್ಲಬ್ಬಿನಲ್ಲಿ ಡೆನ್ವರ್ ಜತೆ ಅವರ ಕಾರ್ಯಕ್ರಮವಿತ್ತು. ಪ್ರದರ್ಶನ ಮುಗಿಸಿ ಹೊರಟಾಗ ಡೆನ್ವರ್ ಕಾರು ಅಪಘಾತಕ್ಕೆ ಸಿಕ್ಕಿ ಹೆಬ್ಬೆರಳು ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಡ್ಯಾನಾಫ್ ಮನೆಗೆ ಬಂದವರು ಅರ್ಧಂಬರ್ಧ ಹಾಡು ಕೇಳಿ, ಇದು ನನಗೇ ಬೇಕು ಅಂದರು. ಮೂವರೂ ಕೂತು ಬೆಳಗಿನವರೆಗೆ ತಿದ್ದಿದರು. ಡಿಸೆಂಬರ್ 30ರಂದು ಅದೇ ವೇದಿಕೆಯಲ್ಲಿ ಹಾಡಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಧ್ವನಿಮುದ್ರಣ ಮರುತಿಂಗಳೇ ನ್ಯೂಯಾರ್ಕಿನಲ್ಲಿ. 1971ರ ಆಗಸ್ಟ್‌ನಲ್ಲಿ ಬಿಲ್‌ಬೋರ್ಡ್ ಪಟ್ಟಿಯ 2ನೇ ಸ್ಥಾನಕ್ಕೇರಿತು, ಮೊದಲನೆಯದು ಸಿಗಲಿಲ್ಲ.

ವೆಸ್ಟ್ ವರ್ಜೀನಿಯಾದವರು ಭೂಗೋಳದ ತಕರಾರು ತೆಗೆಯಲಿಲ್ಲ. 1980ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಹೊಸ ಫುಟ್‌ಬಾಲ್ ಮೈದಾನದ ಉದ್ಘಾಟನೆಗೆ ಡೆನ್ವರ್ ಬಂದು ಇದನ್ನು ಹಾಡಿದರು. 2014ರಲ್ಲಿ ಅದು ಅಧಿಕೃತ ರಾಜ್ಯಗೀತೆಗಳಲ್ಲೊಂದಾಯಿತು.

ಗಿಟಾರಲ್ಲಿ ನುಡಿಸುವವರಿಗೆ ಇಷ್ಟು. ಮೂಲ ಶ್ರುತಿ ಎ ಮೇಜರ್. ಎರಡನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ಜಿ ಶ್ರುತಿಯ ಕಾರ್ಡ್ ಆಕಾರಗಳಲ್ಲಿ ನುಡಿಸಿದರೆ ಅದೇ ಶ್ರುತಿ ಬರುತ್ತದೆ. ಚರಣಕ್ಕೆ ಜಿ, ಇ ಮೈನರ್, ಡಿ, ಸಿ, ಮತ್ತೆ ಜಿ. ಪಲ್ಲವಿಗೆ ಜಿ, ಡಿ, ಇ ಮೈನರ್, ಸಿ. ಆಮೇಲೆ ಜಿ, ಡಿ, ಸಿ, ಜಿ. ನಿಮ್ಮ ದನಿಗೆ ಕೇಪೋ ಎಲ್ಲಿ ಹಾಕಬೇಕೆಂದು ಚರಣ ಹಾಡಿ ನಿರ್ಧರಿಸಬೇಡಿ. ಅದು ತಗ್ಗಿನಲ್ಲಿದೆ, ಆರಾಮಾಗಿದೆ ಅನ್ನಿಸಿಬಿಡುತ್ತದೆ. ಪಲ್ಲವಿಯಲ್ಲಿ ರಾಜ್ಯದ ಹೆಸರು ಬರುವ ಕಡೆ ಗಂಟಲು ಕಟ್ಟದೆ ಏರುತ್ತದೆಯೇ ನೋಡಿ. ಪಲ್ಲವಿಯ ಮಟ್ಟು ನಮ್ಮ ಮೋಹನ ರಾಗದ ಐದು ಸ್ವರಗಳಲ್ಲೇ ಓಡಾಡುತ್ತದೆ, ಒಮ್ಮೆ ಕೇಳಿದವರೂ ಜತೆಗೂಡಿ ಹಾಡುವುದು ಅದಕ್ಕೇ.

ಎಡವುವುದು ಪಲ್ಲವಿಗಳ ನಡುವಿನ ತುಂಡಿನಲ್ಲಿ, ರೇಡಿಯೋ ಮನೆಯನ್ನು ನೆನಪಿಸುವ ಭಾಗ. ಅದು ಇ ಮೈನರ್, ಡಿ, ಜಿ, ಸಿ, ಜಿ, ಡಿ ಎಂದು ನಡೆದು, ಮತ್ತೆ ಇ ಮೈನರ್‌ಗೆ ಬಂದು, ಅಲ್ಲಿಂದ ಎಫ್‌ಗೆ ಹಾರುತ್ತದೆ. ಜಿ ಷಡ್ಜವಾದರೆ ಈ ಎಫ್ ಕೈಶಿಕಿ ನಿಷಾದ. ಶಂಕರಾಭರಣದಂತಿರುವ ಹಾಡಿನಲ್ಲಿ ಅನ್ಯಸ್ವರ. ಆಮೇಲೆ ಸಿ, ಜಿ, ಡಿ, ಡಿ ಸೆವೆನ್. ಎಫ್ ಕಷ್ಟವೆಂದು ಅಲ್ಲಿ ಡಿ ಒತ್ತಿದರೆ ಹಾಡೇನೂ ಕೆಡುವುದಿಲ್ಲ, ಆದರೆ ಆ ಒಂದು ಕ್ಷಣ ಎದೆ ಝಲ್ಲೆನ್ನುವುದೂ ಇರುವುದಿಲ್ಲ. ಪೂರ್ತಿ ಬಾರ್ (ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವುದು) ಹಿಡಿಯಲಾಗದಿದ್ದರೆ ಕೆಳಗಿನ ನಾಲ್ಕು ತಂತಿಗಳ ಸಣ್ಣ ಎಫ್ ಸಾಕು. ಕೇಪೋ ತೆಗೆದು ಎ ಆಕಾರಗಳಲ್ಲೇ ನುಡಿಸಿದರೆ ಆ ಜಾಗಕ್ಕೆ ಸುಲಭದ ಜಿ ಬರುತ್ತದೆ. ಆದರೆ ಆಗ ಇ ಮೈನರ್ ಇದ್ದಲ್ಲೆಲ್ಲ ಎಫ್ ಶಾರ್ಪ್ ಮೈನರ್, ಅಂದರೆ ಹಾಡಿನುದ್ದಕ್ಕೂ ಬಾರ್ ಹಿಡಿಯಬೇಕು.