ಆರನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ. ‘ತೀವ್ರ ಲ್ಯುಕೇಮಿಯಾ: ವಂಶವಾಹಿ ವೈವಿಧ್ಯ ಮತ್ತು ಚಿಕಿತ್ಸೆ’ ಅಂತ ರಕ್ತದ ಕ್ಯಾನ್ಸರ್ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ರೂಪದಲ್ಲಿ ಪತ್ರಿಕೇಲಿ ಹಾಕೋಕೆ ಆಗಲ್ಲ. ಆದ್ರೆ ಎರಡು ಸಾಲು ಬರ್ದು ವಾಪಸ್ ಕಳ್ಸೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಆರನೇ ಪ್ಯಾರಾದಲ್ಲಿ ನಿಮ್ಮ ಲ್ಯಾಬ್ ಕೆಲಸದ ಬಗ್ಗೆ ಐದಾರು ಸಾಲು ಇದೆ ನೋಡಿ, ಬೋನ್ ಮ್ಯಾರೋ (ಮೂಳೆಯೊಳಗಿನ ಮಜ್ಜೆ) ಸ್ಯಾಂಪಲ್‌ನ ಜೀವಕೋಶಗಳನ್ನ ಸ್ವಲ್ಪ ಎತ್ತರದಿಂದ ಗಾಜಿನ ಸ್ಲೈಡ್ ಮೇಲೆ ಹನಿಸೋದು, ಬಣ್ಣ ಹಾಕಿದ್ಮೇಲೆ ಜೀನ್‌ಗಳನ್ನ ಹೊತ್ತಿರೋ ಕ್ರೋಮೋಸೋಮ್‌ಗಳು ಪಟ್ಟೆಪಟ್ಟೆ ಹುಳುಗಳ ಥರ ಕಾಣೋದು, ಇಪ್ಪತ್ತು ಜೀವಕೋಶ ಆಗೋವರೆಗೂ ಒಂದೊಂದರದ್ದೂ ಜೋಡಿ ಮಾಡ್ತಾ ಕೂರೋದು, ಮೂರನೇದ್ರಲ್ಲಿ 22ನೇ ಕ್ರೋಮೋಸೋಮ್ ಯಾಕೋ ಗಿಡ್ಡ ಇದೆ ಅನ್ಸಿ ನಾಲ್ಕನೇದ್ರಲ್ಲೂ ಹಂಗೇ ಕಂಡಾಗ ನೀವು ಕುರ್ಚಿ ಮುಂದಕ್ಕೆ ಎಳ್ಕೊಂಡಿದ್ದು. ಇದು ಲೇಖನ. ಇದಕ್ಕೆ ಮುಂಚಿನ ಐದು ಪ್ಯಾರಾ ಬೇಡ. ‘ಆಧುನಿಕ ಯುಗದಲ್ಲಿ ಮನುಕುಲವನ್ನು ಕಾಡುತ್ತಿರುವ ಮಹಾಮಾರಿ’ ಅಂತ ಯಾರು ಬೇಕಾದ್ರೂ ಬರೀಬಹುದು, ಆ ಕುರ್ಚಿ ಮೇಲೆ ಕೂತಿದ್ದು ನೀವೊಬ್ರೇ.

ಇದನ್ನ ನಾನು ಇಷ್ಟು ಒತ್ತಿ ಹೇಳೋಕೆ ಒಂದು ಕಾರಣ ಇದೆ. ನಮ್ಮಕ್ಕನ ಮಗನಿಗೆ ಆರು ವರ್ಷ ಇದ್ದಾಗ ಎಎಲ್‌ಎಲ್ ಅಂತ, ಅಂದ್ರೆ ಮಕ್ಕಳಲ್ಲಿ ಜಾಸ್ತಿ ಕಾಣೋ ಬಗೆಯ ತೀವ್ರ ಲ್ಯುಕೇಮಿಯಾ ಅಂತ ಗೊತ್ತಾಯ್ತು. ಪಕ್ಕದ ಮಂಚದಲ್ಲಿ ಅವನ ವಯಸ್ಸಿನದೇ ಇನ್ನೊಬ್ಬ ಹುಡುಗ, ಅವನಿಗೂ ಅದೇ ಕಾಯಿಲೆ, ಇಬ್ರಿಗೂ ತಲೆಕೂದ್ಲು ಉದುರಿತ್ತು, ಇಬ್ರ ತಾಯಂದ್ರೂ ಒಂದೇ ಫ್ಲಾಸ್ಕಲ್ಲಿ ಬಿಸಿನೀರು ತರ್ತಿದ್ರು. ಆದ್ರೆ ನಮ್ಮ ಹುಡುಗನಿಗೆ ಮಾತ್ರ ದಿನಾ ಇಮಾಟಿನಿಬ್ ಅಂತ ಒಂದು ಮಾತ್ರೆ ಜಾಸ್ತಿ. ‘ಇವನಿಗೆ ಮಾತ್ರ ಯಾಕೆ, ಇವನದ್ದು ಕೈಮೀರಿದೆಯಾ’ ಅಂತ ಅಕ್ಕ ಮೂರು ದಿನ ನಿದ್ದೆ ಮಾಡ್ಲಿಲ್ಲ. ಕೊನೆಗೆ ಒಬ್ರು ಡಾಕ್ಟ್ರು ರಿಪೋರ್ಟಿನ ಹಿಂದ್ಗಡೆ ಎರಡು ಕಡ್ಡಿ ಬರ್ದು, ಒಂದರ ತುದಿ ಇನ್ನೊಂದಕ್ಕೆ ಹಾಕಿ, 9ನೇ ಕ್ರೋಮೋಸೋಮು 22ನೇದು ತುಂಡು ಅದಲುಬದಲು ಮಾಡ್ಕೊಂಡಿವೆ, ಅದರಿಂದ ಹುಟ್ಟಿದ ಒಂದು ಪ್ರೋಟೀನು ಆಫ್ ಆಗ್ದೇ ಇರೋ ಸ್ವಿಚ್ ಥರ ಜೀವಕೋಶಕ್ಕೆ ಬೆಳಿ ಬೆಳಿ ಅಂತಿದೆ, ಈ ಮಾತ್ರೆ ಆ ಸ್ವಿಚ್ಚಿಗೆ ಅಂತ ಹೇಳಿದ್ರು. ಮಕ್ಕಳ ಎಎಲ್‌ಎಲ್‌ನಲ್ಲಿ ಈ ಬದಲಾವಣೆ ಇರೋದು ನೂರಕ್ಕೆ 3ರಿಂದ 5 ಜನಕ್ಕೆ, ದೊಡ್ಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ರಿಗೆ. ಪಕ್ಕದ ಹುಡುಗನದ್ದು 12 ಮತ್ತು 21 ಸೇರ್ಕೊಂಡ ಜಾತಿ, ಮಕ್ಕಳಲ್ಲಿ ಜಾಸ್ತಿ ಕಾಣೋದು, ಮಾಮೂಲಿ ಕೀಮೋಗೇ ಚೆನ್ನಾಗಿ ಬಗ್ಗೋದು. (ಅದು ನಿಮ್ಮ ಪಟ್ಟೆಗಳಲ್ಲಿ ಕಣ್ಣಿಗೆ ಬೀಳಲ್ಲ, ಜೀನ್‌ಗೆ ಹೊಳೆಯೋ ಬಣ್ಣ ಅಂಟಿಸಿ ನೋಡೋ ಫಿಶ್‌ನಂಥ ಟೆಸ್ಟೇ ಬೇಕು ಅಲ್ವಾ, ಅದನ್ನೂ ಬರೀರಿ.) ನಮ್ಮ ಹುಡುಗ ಈಗ ಪಿಯುಸಿ ಓದ್ತಿದಾನೆ. ಆ ಕಡ್ಡಿ ಚಿತ್ರ ಅಕ್ಕನ ಬೀರುವಲ್ಲಿ ಇನ್ನೂ ಇದೆ. ನಿಮ್ಮ ಲೇಖನ ಆ ಮೂರು ರಾತ್ರಿಗೆ ಉತ್ತರ ಆಗ್ಬೇಕಿತ್ತು.

ಇನ್ನು ‘ವಂಶವಾಹಿ’ ಅನ್ನೋ ಪದ. ಪಠ್ಯಪುಸ್ತಕದ ಪ್ರಕಾರ ಸರಿ, ಒಪ್ತೀನಿ, ಆದ್ರೆ ನೀವು ‘ವಂಶವಾಹಿ ದೋಷದಿಂದ ಲ್ಯುಕೇಮಿಯಾ ಬರುತ್ತದೆ’ ಅಂತ ಬರ್ದಾಗ ಓದೋ ತಾಯಿಗೆ ಕೇಳ್ಸೋದು ವಂಶ ಅನ್ನೋದಷ್ಟೇ. ನಮ್ಮನೇಲೇ ಆಯ್ತು ಇದು, ಭಾವನ ಕಡೆಯವರು ಬಂದು ‘ನಿಮ್ಮ ತವರುಮನೆ ಕಡೆ ಯಾರಿಗಾದ್ರೂ ಇತ್ತಾ’ ಅಂತ ಅಕ್ಕನ್ನ ಕೇಳಿದ್ರು, ಮಗುಗೆ ಡ್ರಿಪ್ ಹಾಕಿದ್ದ ಹೊತ್ತಲ್ಲೇ. ಈ ಬದಲಾವಣೆಗಳು ಬಹುಪಾಲು ಆ ಒಬ್ಬ ವ್ಯಕ್ತಿಯ ಮಜ್ಜೆಯಲ್ಲಿ, ಹುಟ್ಟಿದ್ಮೇಲೋ ಗರ್ಭದಲ್ಲಿದ್ದಾಗ್ಲೋ, ಒಂದು ಜೀವಕೋಶದಲ್ಲಿ ಆದ ಎಡವಟ್ಟು, ತಾಯಿತಂದೆ ಕೊಟ್ಟಿದ್ದಲ್ಲ. ದಯವಿಟ್ಟು ‘ಜೀನ್’ ಅಂತಲೇ ಬರೀರಿ, ಈ ಮಾತು ಎರಡನೇ ಪ್ಯಾರಾದಲ್ಲೇ ಬರ್ಲಿ, ಕೊನೆಗೆ ಹಾಕ್ಬೇಡಿ.

ನಿಜವಾಗ್ಲೂ ಹೆತ್ತವರಿಂದ ಬರೋ ವ್ಯತ್ಯಾಸ ಒಂದು ಬೇರೆ ಇದೆ, ಅದನ್ನ ನೀವು ಬಿಟ್ಟೇಬಿಟ್ಟಿದೀರಿ. ಎಎಲ್‌ಎಲ್ ಮಕ್ಕಳಿಗೆ ವರ್ಷಗಟ್ಲೆ ಕೊಡೋ ಮರ್ಕಾಪ್ಟೋಪ್ಯೂರಿನ್ ಮಾತ್ರೆ ಇದೆಯಲ್ಲ, ಟಿಪಿಎಂಟಿ, ಎನ್‌ಯುಡಿಟಿ15 ಅನ್ನೋ ಜೀನ್‌ಗಳಲ್ಲಿ ಕೆಲವು ಬಗೆ ಇದ್ದವರಿಗೆ ಎಲ್ರಿಗೂ ಕೊಡೋ ಡೋಸೇ ವಿಷ ಆಗುತ್ತೆ, ಬಿಳಿ ರಕ್ತಕಣ ದಡಕ್ಕನೆ ಇಳಿಯುತ್ತೆ, ಜ್ವರ ಬಂದು ಮತ್ತೆ ಅಡ್ಮಿಟ್. ಎನ್‌ಯುಡಿಟಿ15ದು ನಮ್ಮ ಏಷ್ಯಾದವರಲ್ಲೇ ಹೆಚ್ಚು. ಇಲ್ಲಿ ಬೇಕಾದ್ರೆ ವಂಶವಾಹಿ ಅನ್ನಿ, ಒಪ್ಪುತ್ತೆ.

ಮೂರನೇ ಪುಟದಲ್ಲಿ ಹನ್ನೆರಡು ಜೀನ್ ಹೆಸರು ಸಾಲಾಗಿ ಇಟ್ಟಿದೀರಿ. ಯಾರ ತಲೇಲೂ ನಿಲ್ಲಲ್ಲ. ಹನ್ನೊಂದು ತೆಗೀರಿ, ಒಂದರ ಕಥೆ ಪೂರ್ತಿ ಹೇಳಿ. ನಾನಾಗಿದ್ರೆ ಎಪಿಎಲ್‌ದು ತಗೋತಿದ್ದೆ, ದೊಡ್ಡವರಲ್ಲಿ ಜಾಸ್ತಿ ಕಾಣೋ ಎಎಂಎಲ್ ಅನ್ನೋ ತೀವ್ರ ಲ್ಯುಕೇಮಿಯಾದ ಒಂದು ಬಗೆ. ಒಂದು ಕಾಲಕ್ಕೆ ರಕ್ತಸ್ರಾವ ಆಗಿ ಕೆಲವೇ ದಿನಕ್ಕೆ ಜೀವ ತೆಗೀತಿದ್ದ ಲ್ಯುಕೇಮಿಯಾ ಅದು. 15 ಮತ್ತು 17 ತುಂಡು ಬದ್ಲಾಯಿಸ್ಕೊಂಡು ಬಿಳಿ ರಕ್ತಕಣ ಬಲಿಯೋದೇ ನಿಂತೋಗುತ್ತೆ, ಎಳೇದಾಗೇ ಉಳ್ಕೊಂಡು ತುಂಬ್ಕೊಳ್ಳುತ್ತೆ. 1985ರಲ್ಲಿ ಶಾಂಘೈನಲ್ಲಿ ವಾಂಗ್ ಝೆನ್ಯಿ ಅನ್ನೋ ಡಾಕ್ಟ್ರು ಐದು ವರ್ಷದ ಹುಡುಗಿಗೆ ವಿಟಮಿನ್ ಎ ಸಂಬಂಧಿ ಔಷಧಿ ಕೊಟ್ರು, ಅಟ್ರಾ ಅಂತಾರಲ್ಲ ಅದೇ, ಅದು ಆ ಎಳೇ ಕಣಗಳನ್ನ ಕೊಲ್ಲೋ ಬದ್ಲು ಬಲಿಯೋ ಹಾಗೆ ಮಾಡ್ತು, ಹುಡುಗಿ ಬದುಕಿದ್ಲು. ಆಮೇಲೆ ಇದಕ್ಕೆ ಜೊತೆಯಾಗಿದ್ದು ಚೀನಾದ ಹಾರ್ಬಿನ್‌ನಿಂದ ಬಂದ ಆರ್ಸೆನಿಕ್, ನಮ್ಮ ಕಡೆ ಪಾಷಾಣ ಅಂತೀವಲ್ಲ ಅದು. ನಮ್ಮ ವೆಲ್ಲೂರು ಸಿಎಂಸಿಯವ್ರು ಬರೀ ಆರ್ಸೆನಿಕ್ಕಲ್ಲೇ ಚಿಕಿತ್ಸೆ ಕೊಟ್ಟು ಒಳ್ಳೆ ಫಲಿತಾಂಶ ತೋರ್ಸಿದ್ರು. ಇವತ್ತು ಅಪಾಯ ಕಡಿಮೆ ಇರೋ ಎಪಿಎಲ್‌ನಲ್ಲಿ ಮಾಮೂಲಿ ಕೀಮೋ ಇಲ್ದೇನೇ, ಅಟ್ರಾ, ಆರ್ಸೆನಿಕ್ ಈ ಎರಡರಲ್ಲೇ, ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗುಣ ಆಗ್ತಾರೆ. ಆದ್ರೆ ಇದೇ ಔಷಧಿನ ಬೇರೆ ಎಎಂಎಲ್ ಇರೋರಿಗೆ ಕೊಟ್ರೆ ಈ ಪವಾಡ ನಡಿಯಲ್ಲ. ಜೀನ್ ವ್ಯತ್ಯಾಸ ಅಂದ್ರೆ ಏನು ಅಂತ ಓದುಗನಿಗೆ ಇದಕ್ಕಿಂತ ಚೆನ್ನಾಗಿ ಯಾವ ಪಟ್ಟೀನೂ ಹೇಳಲ್ಲ.

ಈ 15-17 ಅದಲುಬದಲು 1977ರಲ್ಲಿ ಗುರುತಿಸಿದ್ದು ಶಿಕಾಗೋದ ಜಾನೆಟ್ ರೌಲಿ ಮತ್ತು ಅವರ ಜೊತೆಯವರು, 9-22ರದ್ದನ್ನ 1973ರಲ್ಲಿ ಬಿಡಿಸಿದ್ದೂ ಅವರೇ. ಮನೇಲಿ ಊಟದ ಟೇಬಲ್ ಮೇಲೆ ಕ್ರೋಮೋಸೋಮ್ ಫೋಟೋ ಕತ್ತರಿಸ್ಕೊಂಡು ಜೋಡಿಸ್ತಿದ್ರೆ, ಅಮ್ಮ ಕಾಗದದ ಗೊಂಬೆ ಆಡ್ತಿದಾಳೆ ಅಂತ ಮಕ್ಕಳು ರೇಗಿಸ್ತಿದ್ರಂತೆ. ನೀವು ದಿನಾ ಕೂತು ಮಾಡೋದು ಅದೇ ಕೆಲಸ ರೀ. ಇದನ್ನ ನಿಮ್ಮ ಆರನೇ ಪ್ಯಾರಾ ಪಕ್ಕದಲ್ಲಿ ಇಡಿ.

ಒಂದು ತಪ್ಪು ಮಾತ್ರ ಬಿಡೋಕಾಗಲ್ಲ. ‘ಜೀನ್ ಪರೀಕ್ಷೆ ಮಾಡಿಸಿದರೆ ಸೂಕ್ತ ಔಷಧಿ ದೊರೆತು ರೋಗ ಸಂಪೂರ್ಣ ಗುಣವಾಗುತ್ತದೆ’ ಅಂತ ಬರ್ದಿದೀರಿ. ಹಂಗಿಲ್ಲ. ಎಎಂಎಲ್‌ನಲ್ಲಿ ಟಿಪಿ53 ಅನ್ನೋ ಜೀನ್ ಕೆಟ್ಟಿದ್ರೆ ಈಗ್ಲೂ ಕಷ್ಟ. ಎಎಂಎಲ್ ಇರೋ ಸುಮಾರು ನೂರಕ್ಕೆ 30 ಜನರಲ್ಲಿ ಕಾಣೋ ಎಫ್‌ಎಲ್‌ಟಿ3 ಅನ್ನೋ ಜೀನ್‌ನ ಬದಲಾವಣೆಗೆ 2017ರಲ್ಲಿ ಅಮೆರಿಕದಲ್ಲಿ ಮಿಡೋಸ್ಟಾರಿನ್ ಅನ್ನೋ ಔಷಧಿಗೆ ಒಪ್ಪಿಗೆ ಸಿಕ್ತು, ಕೀಮೋ ಜೊತೆ ಕೊಟ್ರೆ ಬದುಕೋ ಸಾಧ್ಯತೆ ಹೆಚ್ಚಾಯ್ತು, ಆದ್ರೂ ಎಷ್ಟೋ ಜನರಿಗೆ ಕಾಯಿಲೆ ವಾಪಸ್ ಬರುತ್ತೆ. ಯಾಕೆ ಬರುತ್ತೆ ಅನ್ನೋದೇ ನಿಮ್ಮ ವಿಷಯದ ತಿರುಳು, ಅದಕ್ಕೆ ನೀವು ಕೊಟ್ಟಿದ್ದು ಒಂದೂವರೆ ಸಾಲು. ಒಬ್ಬನ ಮೈಯೊಳಗೇ ಲ್ಯುಕೇಮಿಯಾ ಒಂದೇ ಥರ ಇರಲ್ಲ. ಒಂದೇ ಬುಡದಿಂದ ಕವಲು ಒಡೆದು, ಒಂದೊಂದು ಗುಂಪು ಒಂದೊಂದು ಹೊಸ ಬದಲಾವಣೆ ಹೊತ್ಕೊಂಡಿರುತ್ತೆ. 2012ರಲ್ಲಿ ಎಂಟು ಜನ ಎಎಂಎಲ್ ರೋಗಿಗಳ ಪೂರ್ತಿ ಜೀನೋಮನ್ನ, ಅಂದ್ರೆ ಡಿಎನ್‌ಎಯನ್ನೆಲ್ಲ, ಮೊದಲು ಕಾಯಿಲೆ ಕಂಡಾಗೊಂದ್ಸಲ, ವಾಪಸ್ ಬಂದಾಗೊಂದ್ಸಲ ಓದಿ ನೋಡಿದ್ರು. ಕೆಲವರಲ್ಲಿ ಮೊದಲಿನ ದೊಡ್ಡ ಗುಂಪೇ ಹೊಸ ಬದಲಾವಣೆ ಗಳಿಸ್ಕೊಂಡು ಬಂದಿತ್ತು, ಇನ್ನು ಕೆಲವರಲ್ಲಿ ಮೊದಲು ಮೂಲೇಲಿದ್ದ ಒಂದು ಚಿಕ್ಕ ಗುಂಪು ಕೀಮೋ ತಡ್ಕೊಂಡು ಹೊಲ ಪೂರ್ತಿ ತುಂಬ್ಕೊಂಡಿತ್ತು. ನೀವು ಶತ್ರು, ಸೈನ್ಯ, ಯುದ್ಧ ಅಂತೆಲ್ಲ ಹೋಲಿಕೆ ಕೊಟ್ಟಿದೀರಿ, ಅದ್ರಲ್ಲಿ ಇದು ಹೇಳೋಕೆ ಬರಲ್ಲ. ರಾಗಿ ಹೊಲದ ಕಳೆ ನೋಡಿದೀರಲ್ಲ, ಕುಂಟೆ ಹೊಡೆದ್ರೆ ಬೇರೆಲ್ಲ ಹೋಗುತ್ತೆ, ಗರಿಕೆ ಮಾತ್ರ ಬೇರಲ್ಲಿ ಒಂದು ಗಿಣ್ಣು ಉಳಿದಿದ್ರೂ ಮೂರು ವಾರಕ್ಕೆ ಹಬ್ಬುತ್ತೆ, ಆಗ ಅಲ್ಲಿರೋದು ಬರೀ ಗರಿಕೆ, ಹಳೇ ಉಪಾಯ ನಡಿಯಲ್ಲ. ಅದಕ್ಕೇ ಕಾಯಿಲೆ ವಾಪಸ್ ಬಂದಾಗ ಹಳೇ ರಿಪೋರ್ಟ್ ನಂಬ್ಕೊಂಡು ಕೂರಲ್ಲ, ಎಫ್‌ಎಲ್‌ಟಿ3 ಮೊದಲು ಇಲ್ದೇ ಇದ್ದವರಲ್ಲಿ ಬಂದಿರಬಹುದು, ಇದ್ದವರಲ್ಲಿ ಮಾಯ ಆಗಿರಬಹುದು, ಹೊಸದಾಗಿ ಟೆಸ್ಟ್ ಮಾಡ್ತಾರೆ. ಎರಡನೇ ಸಲ ಮಜ್ಜೆ ತೆಗೆಯೋಕೆ ಸೊಂಟದ ಮೂಳೆಗೆ ಸೂಜಿ ಚುಚ್ಚಿಸ್ಕೊಳ್ಳೋ ರೋಗಿಗೆ ‘ಮತ್ತೆ ಯಾಕೆ’ ಅಂತ ಯಾರೂ ಬಿಡಿಸಿ ಹೇಳಿರಲ್ಲ. ನೀವು ಹೇಳ್ಬಹುದು.

ಸಾವಿರದ ಇನ್ನೂರು ಪದ ಸಾಕು, ಈಗಿರೋದರ ಅರ್ಧ. ಭಾಷೆ ಆರನೇ ಪ್ಯಾರಾದ್ದೇ ಇರ್ಲಿ, ಗ್ರಾಂಥಿಕ ಬೇಡ. ಬರ್ದಾದ್ಮೇಲೆ ನಿಮ್ಮ ಲ್ಯಾಬಿನ ಡಾಕ್ಟ್ರಿಗೆ ಒಂದ್ಸಲ ತೋರ್ಸಿ, ಆಮೇಲೆ ಮನೇಲಿ ಸೈನ್ಸ್ ಓದಿಲ್ಲದವರ ಮುಂದೆ ಜೋರಾಗಿ ಓದಿ, ಅವರು ತಡೆದು ಕೇಳಿದ ಜಾಗಕ್ಕೆ ಗುರುತು ಹಾಕ್ಕೊಳ್ಳಿ. ಕ್ರೋಮೋಸೋಮ್ ಫೋಟೋ ಕಳ್ಸೋದಾದ್ರೆ ಲ್ಯಾಬಿನ ಒಪ್ಪಿಗೆ ತಗೊಂಡು, ಮೂಲೇಲಿರೋ ಸ್ಯಾಂಪಲ್ ನಂಬರ್ ಅಳಿಸಿ ಕಳ್ಸಿ.