ಸುಮ್ಮನಿದ್ದರೆ ಒಪ್ಪಿದಂತೆ ಅಲ್ವಾ?

ಪ್ರಶ್ನೆ: ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಜೊತೆಗೆ ಓದುವ ಹುಡುಗಿ ‘ಇನ್ನು ಮೆಸೇಜ್ ಮಾಡಬೇಡ’ ಎಂದಿದ್ದಾಳೆ. ಇವನು ಬಿಡದೆ ಸ್ನೇಹಿತನ ಫೋನಿನಿಂದ ಕಳಿಸಿದ್ದಾನೆ. ಯಾವುದೋ ಗ್ರೂಪಿನಿಂದ ಅವಳ ಫೋಟೊ ತೆಗೆದು ಇಟ್ಟುಕೊಂಡಿದ್ದಾನೆ. ಅವಳ ತಾಯಿ ಫೋನ್ ಮಾಡಿದಾಗಲೇ ನಮಗೆ ಗೊತ್ತಾಗಿದ್ದು. ಯಜಮಾನರು ಬೈದು ಫೋನ್ ಕಿತ್ತಿಟ್ಟರು. ನಾನು ಕೇಳಿದರೆ ‘ಮೊದಲು ಅವಳೇ ನಗ್ತಾ ಮಾತಾಡ್ತಿದ್ದಳು. ಬೇಡ ಅಂದಿದ್ದು ಒಂದೇ ಸಲ’ ಅಂತಾನೆ. ಇವನಿಗೆ ಹೇಗೆ ತಿಳಿಸಲಿ? ಕಾನೂನಿನ ಮಾತು ತೆಗೆದರೆ ಹೆದರಿಬಿಡುತ್ತಾನಾ?
– ಹೆಸರು ಬೇಡ

ಉತ್ತರ: ‘ಒಂದೇ ಸಲ’ ಅಂದನಲ್ಲ, ಆ ಮಾತನ್ನೇ ಹಿಡಿದು ಶುರು ಮಾಡಿ. ಎಷ್ಟು ಸಲ ಹೇಳಿದ್ದರೆ ಸಾಕಾಗುತ್ತಿತ್ತು ಅಂತ ಅವನನ್ನೇ ಕೇಳಿ. ಕೋಪದಿಂದ ಬೇಡ, ನಿಜವಾಗಿ ಉತ್ತರ ಬೇಕು ಎಂಬಂತೆ ಕೇಳಿ. ಅವನು ಉತ್ತರ ಹುಡುಕಲಿ, ಕಾಯಿರಿ.

ನಾನು 26 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಕೊನೆಯ ಕೆಲವು ವರ್ಷ ಕ್ಲಾಸಿನಲ್ಲಿ ಒಂದು ರಟ್ಟಿನ ಡಬ್ಬ ಇಡುತ್ತಿದ್ದೆ. ಹೆಸರು ಬರೆಯದೆ ಚೀಟಿ ಹಾಕಬಹುದಿತ್ತು. ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆ ಇದು: ‘ಮಿಸ್, ಅವಳು ಏನೂ ಹೇಳದೆ ಸುಮ್ಮನಿದ್ದಳು. ಅಂದ್ರೆ ಒಪ್ಪಿದಂಗೆ ಅಲ್ವಾ?’ ಇದನ್ನು ಆ ಮಕ್ಕಳು ಹುಟ್ಟಿಸಿಕೊಂಡಿದ್ದಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ನಾವೇ ತಾನೇ ಹೇಳಿಕೊಟ್ಟಿದ್ದು? ಹೆದರಿದವರೂ ಸುಮ್ಮನಿರುತ್ತಾರೆ. ಏನು ಹೇಳಬೇಕೆಂದು ತೋಚದವರೂ ಸುಮ್ಮನಿರುತ್ತಾರೆ. ಎದುರಿಗಿರುವವರಿಗೆ ಬೇಜಾರಾಗಬಾರದು ಅಂತ ನುಂಗಿಕೊಂಡವರೂ ಇರುತ್ತಾರೆ. ಕೆಲವರು ನಗುತ್ತಾರೆ ಕೂಡ. ಆ ನಗು ಒಪ್ಪಿಗೆಯಲ್ಲ. ಇವಳಂತೂ ಬಾಯಿಬಿಟ್ಟು ಹೇಳಿದ್ದಾಳೆ. ನಿನ್ನೆ ನಗುತ್ತಾ ಮಾತಾಡಿದವಳು ಇವತ್ತು ಬೇಡ ಅನ್ನಬಹುದು. ಹತ್ತು ಸಲ ಪೀಡಿಸಿ ಹನ್ನೊಂದನೇ ಸಲಕ್ಕೆ ‘ಹೂಂ’ ಅನ್ನಿಸಿಕೊಂಡರೆ ಅದೂ ಒಪ್ಪಿಗೆಯಲ್ಲ. ಹೀಗೆ ಬಿಡಿಸಿ ಹೇಳಿ. ಉಪದೇಶಕ್ಕಿಂತ ಇಂಥ ಉದಾಹರಣೆಗಳು ಹದಿನಾಲ್ಕರ ಹುಡುಗನಿಗೆ ಬೇಗ ನಾಟುತ್ತವೆ.

ಇನ್ನೊಂದು ವಿಷಯ, ಇದು ನಿಮಗೆ. ಮನೆಯಲ್ಲಿ ಅವನು ಹೇಳುವ ‘ಬೇಡ’ಕ್ಕೆ ಎಷ್ಟು ಬೆಲೆ ಇದೆ? ಅವನ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಮುಂಚೆ ಕೇಳುತ್ತೀರಾ? ಬಾಗಿಲು ತಟ್ಟಿ ಒಳಗೆ ಹೋಗುತ್ತೀರಾ? ನಿಮ್ಮನ್ನು ದೂರುತ್ತಿಲ್ಲ. ನನ್ನ ಮಕ್ಕಳ ಬಾಗಿಲನ್ನು ನಾನೂ ತಟ್ಟಿದವಳಲ್ಲ. ಈ ವಾರದಿಂದ ‘ಈ ಫೋಟೊ ಹಾಕಲಾ?’ ಅಂತ ಕೇಳಿ. ಬೇಡ ಅಂದರೆ ಹಾಕಬೇಡಿ, ಕಾರಣವನ್ನೂ ಕೇಳಬೇಡಿ. ತನ್ನ ಮಾತು ನಡೆದಾಗ ಹೇಗನ್ನಿಸುತ್ತದೆ ಎಂದು ಅವನಿಗೆ ಗೊತ್ತಾಗಲಿ. ಆಮೇಲೆ ಅವಳ ಫೋಟೊ ಬಗ್ಗೆ ಮಾತಾಡಿ. ಅವನೇ ಕೂತು ಅಳಿಸಲಿ. ಕ್ಷಮೆ ಕೇಳುವುದಿದ್ದರೆ ನೀವೇ ಅವಳ ತಾಯಿಗೆ ತಲುಪಿಸಿ. ‘ಸಾರಿ’ ಹೇಳುವ ನೆಪದಲ್ಲಿ ಅವನು ಇನ್ನೊಂದು ಮೆಸೇಜ್ ಕಳಿಸುವುದು ಬೇಡ. ಅವಳು ಉತ್ತರ ಕೊಡಲೇಬೇಕು ಎಂದೂ ಕಾಯಬಾರದು.

ಅವನಿಗೆ ನೋವಾಗಿದೆ, ಅದನ್ನೂ ಮರೆಯಬೇಡಿ. ಇಷ್ಟಪಟ್ಟವರು ಬೇಡ ಅಂದಾಗ ಆಗುವ ಅವಮಾನ ಆ ವಯಸ್ಸಿಗೆ ಬಹಳ ದೊಡ್ಡದು. ಹುಡುಗರ ಜೊತೆ ಈ ಬಗ್ಗೆ ಕೂತು ಮಾತಾಡುವವರೇ ಇರುವುದಿಲ್ಲ. ಅವನ ಅಪ್ಪ ಬೈದಾಗಿದೆ. ಈಗ ಪಕ್ಕದಲ್ಲಿ ಕೂರಲಿ.

ಕಾನೂನು ಹೇಳಿ, ಖಂಡಿತ ಹೇಳಿ. ಆದರೆ ಗುಮ್ಮನನ್ನು ತೋರಿಸಿದ ಹಾಗೆ ಬೇಡ. ‘ಪೊಲೀಸರು ಹಿಡಿದುಕೊಂಡು ಹೋಗಿ ಜೈಲಿಗೆ ಹಾಕ್ತಾರೆ’ ಅಂದರೆ ಅದು ಸುಳ್ಳಾಗುತ್ತದೆ. 18 ತುಂಬದವರ ಪ್ರಕರಣ ಹೋಗುವುದು ಬಾಲ ನ್ಯಾಯ ಮಂಡಳಿಗೆ. ಹಾಗಂತ ಅದು ಆಟವಲ್ಲ. ಹೆಣ್ಣುಮಗಳು ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸುವುದು, ಬೆನ್ನು ಬೀಳುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಲ್ಲಿ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ 2012ರದು. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಲೈಂಗಿಕ ವಿಷಯದಲ್ಲಿ ಆ ವಯಸ್ಸಿನವರು ‘ಒಪ್ಪಿದ್ದೆ’ ಎಂದರೂ ಕಾನೂನು ಅದನ್ನು ಒಪ್ಪಿಗೆ ಅನ್ನುವುದಿಲ್ಲ. ನಗ್ನ ಫೋಟೊಗಳ ವಿಷಯ ಇನ್ನೂ ಬಿಗಿ. ಮಕ್ಕಳ ಅಂಥ ಚಿತ್ರವನ್ನು ಇನ್ನೊಬ್ಬರಿಗೆ ಕಳಿಸುವುದಷ್ಟೇ ಅಲ್ಲ, ಅಳಿಸದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗೆಳೆಯನೊಬ್ಬ ಗ್ರೂಪಿಗೆ ಹಾಕಿದರೆ ಮುಂದಕ್ಕೆ ಕಳಿಸದೆ ಆ ಕ್ಷಣವೇ ನಿಮಗೆ ಹೇಳಬೇಕು. ಇದು ಅವನಿಗೆ ಬಾಯಿಪಾಠ ಆಗಿರಲಿ.

ಇದೇ ಕಾನೂನು ಅವನನ್ನೂ ಕಾಯುತ್ತದೆ ಎಂದು ಹೇಳುವುದನ್ನು ಮಾತ್ರ ಬಿಡಬೇಡಿ. ಪೋಕ್ಸೊದಲ್ಲಿ ಹುಡುಗ, ಹುಡುಗಿ ಎಂಬ ಭೇದವಿಲ್ಲ. ನಾವು ಬಹಳ ವರ್ಷ ಸಂತಾನೋತ್ಪತ್ತಿಯ ಪಾಠ ಬಂದಾಗ ಹುಡುಗರನ್ನು ಆಟಕ್ಕೆ ಕಳಿಸಿ, ಹುಡುಗಿಯರನ್ನು ಮಾತ್ರ ಕೂರಿಸಿಕೊಂಡು ಎಚ್ಚರಿಕೆ ಹೇಳುತ್ತಿದ್ದೆವು. ಒಂದು ದಿನ ಡಬ್ಬದಲ್ಲಿ ಸಣ್ಣಕ್ಷರದ ಚೀಟಿ ಸಿಕ್ಕಿತು: ‘ಹುಡುಗರಿಗೂ ಹೀಗೆ ಆಗತ್ತಾ ಮಿಸ್?’ ಆಗುತ್ತೆ, ಆದರೆ ತಪ್ಪು ನಿನ್ನದಲ್ಲ, ನನ್ನ ಹತ್ತಿರ ಬಾ ಎಂದು ಇಡೀ ಕ್ಲಾಸಿಗೆ ಹೇಳಿದೆ. ಯಾರೂ ಬರಲಿಲ್ಲ. ಆ ಚೀಟಿ ಇವತ್ತಿಗೂ ನನ್ನ ಬಳಿ ಇದೆ.

ಪ್ರಶ್ನೆ: ಮಗಳಿಗೆ 12 ವರ್ಷ. ನಮ್ಮ ಹತ್ತಿರದ ನೆಂಟರೊಬ್ಬರು ಬಂದಾಗಲೆಲ್ಲ ತಬ್ಬಿಕೊಳ್ಳುತ್ತಾರೆ, ಕೆನ್ನೆ ಹಿಂಡುತ್ತಾರೆ. ಇತ್ತೀಚೆಗೆ ಅವಳು ರೂಮಿನಿಂದ ಹೊರಗೇ ಬರುವುದಿಲ್ಲ. ದೊಡ್ಡವರೆಲ್ಲ ‘ಎಷ್ಟು ಜಂಬ’ ಅಂತಾರೆ. ಏನು ಮಾಡಲಿ?
– ಒಬ್ಬ ಅಪ್ಪ

ಉತ್ತರ: ಅದು ಜಂಬ ಅಲ್ಲ. ‘ಅವಳಿಗೆ ಇಷ್ಟ ಆಗಲ್ಲ, ದೂರದಿಂದಲೇ ಮಾತಾಡಿಸಿ’ ಎಂದು ಎಲ್ಲರ ಎದುರು ನೀವು ಹೇಳಿ. ಆ ಭಾರವನ್ನು ಮಗಳ ಮೇಲೆ ಹಾಕಬೇಡಿ. ಆಮೇಲೆ, ಇಬ್ಬರೇ ಇರುವಾಗ, ‘ಅವರ ಜೊತೆ ನಿಂಗೆ ಮುಜುಗರ ಆಗೋ ಹಾಗೆ ಏನಾದ್ರೂ ಆಯ್ತಾ?’ ಎಂದು ಮೆತ್ತಗೆ ಕೇಳಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಮಗುವಿಗೆ ಗೊತ್ತಿರುವವರೇ. ಅದಕ್ಕೇ ಇದನ್ನು ಕೇಳದೆ ಬಿಡಬಾರದು.

ಏನಾದರೂ ಹೇಳಿದರೆ ನಂಬಿ. ‘ಆಗಲೇ ಯಾಕೆ ಹೇಳಲಿಲ್ಲ?’ ಅನ್ನಬೇಡಿ. ಅದೇ ವಿವರವನ್ನು ಹತ್ತು ಸಲ ಹೇಳಿಸಬೇಡಿ. ಮನೆತನದ ಮರ್ಯಾದೆ ಅಂತ ಮುಚ್ಚಿಡುವಂತೆಯೂ ಇಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ದೊಡ್ಡವರಿಗೆ ಆರು ತಿಂಗಳವರೆಗೆ ಶಿಕ್ಷೆಯಾಗಬಹುದು. ಠಾಣೆ ಅಂತ ಹಿಂಜರಿಯಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಅವಳು ಹೇಳಿದ ಕಡೆ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ಅವಳ ಹೆಸರು, ಫೋಟೊ ಮಾಧ್ಯಮಗಳಲ್ಲಿ ಬರುವಂತಿಲ್ಲ.

ಪ್ರಶ್ನೆ: ನನಗೆ 13 ವರ್ಷ. ಒಬ್ಬರು ತನ್ನ ಜೊತೆ ಕೆಟ್ಟದಾಗಿ ನಡ್ಕೊಂಡ್ರು ಅಂತ ಫ್ರೆಂಡ್ ಹೇಳಿದಳು. ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿಸಿಕೊಂಡಿದ್ದಾಳೆ. ಹೇಳಿದರೆ ಮೋಸ ಮಾಡಿದಂತೆ ಅಲ್ವಾ?

ಉತ್ತರ: ಅಲ್ಲ ಪುಟ್ಟಿ. ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತಿದ್ದೀಯ. ‘ನಂಗೆ ಭಯ ಆಗ್ತಿದೆ, ನಂಬಿಕೆ ಇರೋ ದೊಡ್ಡೋರಿಗೆ ಹೇಳೋಣ, ಜೊತೆಗೆ ನಾನೂ ಬರ್ತೀನಿ’ ಅಂತ ಮೊದಲು ಅವಳಿಗೆ ಹೇಳು. ಅವಳು ಬೇಡ ಅಂದರೂ ನೀನು ಹೇಳಬೇಕು, ಯಾಕೆಂದರೆ ಅದು ಮತ್ತೆ ನಡೆಯಬಹುದು. ತಿಳಿಸದಿದ್ದರೆ ಶಿಕ್ಷೆ ಅಂತ ಮೇಲೆ ಬರೆದೆನಲ್ಲ, ಅದು ಮಕ್ಕಳಿಗಲ್ಲ. ನಿನಗೆ ಆ ಹೆದರಿಕೆ ಬೇಡ. 1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ನೀನೇ ಕರೆ ಮಾಡಬಹುದು. ಮೊದಲು ಹೇಳಿದವರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು. ಅವರೂ ನಂಬದಿದ್ದರೆ ಮತ್ತೊಬ್ಬರಿಗೆ. ಯಾರೂ ಸಿಗದಿದ್ದರೆ ಇನ್ನೊಂದು ಕಾಗದ ಬರೆ. ನಿನ್ನ ವಿಳಾಸವನ್ನೂ ಬರೆ. ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ.