ಮೃತ್ಯುಪತ್ರದ ಕಾರ್ಯಾಗಾರದಲ್ಲಿ ಆರೋಗ್ಯದ ಮಾತೇಕೆ?

ಬಾಗಲಕೋಟೆಯ ವಕೀಲ ಮಿತ್ರರೇ, ಮೃತ್ಯುಪತ್ರ (ಉಯಿಲು) ಕುರಿತ ಎರಡು ದಿನಗಳ ಕಾರ್ಯಾಗಾರದಲ್ಲಿ ಅರ್ಧ ದಿನವನ್ನು ವಕೀಲರ ಆರೋಗ್ಯಕ್ಕೆ ಮೀಸಲಿಟ್ಟಿರುವುದು ವ್ಯರ್ಥವಲ್ಲವೇ ಎಂದು ಕೇಳಿದ್ದೀರಿ. ವಿಜಯಪುರದಲ್ಲಿ ಇಪ್ಪತ್ತು ವರ್ಷ ಮೃತ್ಯುಪತ್ರ ಬರೆದುಕೊಡುವ ಕೆಲಸ ಮಾಡಿದ ನನ್ನ ಉತ್ತರ: ವ್ಯರ್ಥವಲ್ಲ.

ಮೊದಲು ಕಾನೂನು. ಮೃತ್ಯುಪತ್ರದ ನೋಂದಣಿ ಕಡ್ಡಾಯವಲ್ಲ. ಆದರೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಮುಂದೆ ತಕರಾರು ಬಂದರೆ ಅವರಲ್ಲೊಬ್ಬರು ನ್ಯಾಯಾಲಯದಲ್ಲಿ ನುಡಿಯಬೇಕಾಗುವುದರಿಂದ, ಎಪ್ಪತ್ತು ದಾಟಿದ ಗೆಳೆಯರನ್ನು ಕರೆತಂದವರಿಗೆ ಕಿರಿಯರನ್ನು ಕರೆತನ್ನಿರೆಂದು ಹೇಳುತ್ತೇನೆ. ಬಟ್ಟೆಯಲ್ಲಿ ಸುತ್ತಿದ ಉತಾರಗಳನ್ನು (ಪಹಣಿ ಪತ್ರಗಳನ್ನು) ಮೇಜಿನ ಮೇಲಿಟ್ಟು ‘ಹೊಲವೆಲ್ಲ ಮಗನಿಗೇ ಬರೆಯಿರಿ’ ಎನ್ನುವ ಹಿರಿಯರಿಗೆ, ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಪಾಲನ್ನಷ್ಟೇ ಬರೆದಿಡಬಹುದು, ಹೆಣ್ಣುಮಕ್ಕಳ ಪಾಲನ್ನಲ್ಲ ಎಂಬುದನ್ನು ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿ ಹಾಗೂ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಆಧಾರದಿಂದ ತಿಳಿಹೇಳಬೇಕು.

ಅಷ್ಟು ಹೇಳಿದೊಡನೆ ನಮ್ಮ ಕೋಣೆಯಲ್ಲೇ ಅಣ್ಣ-ತಂಗಿಯರ ಜಗಳ ಶುರುವಾಗುತ್ತದೆ. ಅದನ್ನು ವರ್ಷಗಟ್ಟಲೆ ಮನೆಗೆ ಹೊತ್ತೊಯ್ದು ನಿದ್ದೆಗೆಟ್ಟ ನಾನು ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದೇನೆ. ಈಗ ರಾತ್ರಿ ಎಂಟರ ಮೇಲೆ ಕಕ್ಷಿದಾರರ ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ಗೋಳಗುಮ್ಮಟದ ಕಡೆ ನಡೆದು ಬರುತ್ತೇನೆ. ಊಟ ಮುಗಿಸಿ ಊರಿಗೆ ಹೊರಡದೆ ಆ ಅರ್ಧ ದಿನವೂ ಕುಳಿತಿರಿ.